ಈಶ್ವರ ಕಾಕಾ ಆರಿಸಿಕೊಂಡ ನಾವೆ

ನಮ್ಮ ಓಣಿಯಲ್ಲಿ ಕೈಮಗ್ಗ ಉಳಿದಿರುವುದು ಈಶ್ವರ ಕಾಕಾ ಅವರ ಮನೆಯಲ್ಲಿ ಮಾತ್ರ. ಬನಹಟ್ಟಿಯ ಉಳಿದ ಮನೆಗಳಲ್ಲಿ ಕರೆಂಟಿನ ಮಗ್ಗಗಳು ಖಟಾಖಟ ಬಡಿಯುತ್ತಿರುವಾಗ ಅವರ ಮಗ್ಗದ ಸದ್ದು ಕೇಳಬೇಕಾದರೆ ಬಾಗಿಲ ಹತ್ತಿರ ನಿಲ್ಲಬೇಕು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು, ಎಡದ ಹಲಗೆ, ಬಲದ ಹಲಗೆ, ಒಂದಾದ ಮೇಲೆ ಒಂದು ತುಳಿಯುವ ಮಗ್ಗ ಅದು. ಕಾಕಾಗೆ ಈಗ ಐವತ್ತೆಂಟು. ಹದಿನಾಲ್ಕನೇ ವಯಸ್ಸಿನಿಂದ ತುಳಿಯುತ್ತಿದ್ದಾರೆ.

ಅವರ ಹೆಂಡತಿ ಅನಸವ್ವ ಕಾಕು ತೀರಿಕೊಂಡು ಎರಡು ವರ್ಷವಾಯಿತು. ಮಕ್ಕಳಿಲ್ಲ. ರಾಟಿ ತಿರುವಿ ನೂಲು ಸುತ್ತಿಕೊಡುತ್ತಿದ್ದವರು ಕಾಕು. ಈಗ ಸುತ್ತುವವರೂ ನೇಯುವವರೂ ಕಾಕಾನೇ. ಸೀರೆ ಮಡಿಸಲು ಇಬ್ಬರು ಬೇಕು. ಅವರು ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದು ತುದಿ ಹಿಡಿದು ಮಡಿಸುತ್ತಾರೆ. ಒಮ್ಮೆ ನೋಡಿದ್ದೇನೆ. ಆಮೇಲೆ ನೋಡಲು ಹೋಗಲಿಲ್ಲ.

ಕಾಕು ಅವರ ತವರು ಬೀಳಗಿ ಕಡೆಯ ಒಂದು ಹಳ್ಳಿ. ಅದು ಹಿನ್ನೀರಿನಲ್ಲಿ ಮುಳುಗಿದೆ. ಅವರ ಮನೆ ಎತ್ತರದಲ್ಲಿದ್ದುದರಿಂದ ಬಾಗಿಲ ಕಲ್ಲು ಮಾತ್ರ ಒಂದು ದಿಬ್ಬದ ಮೇಲೆ ಉಳಿದಿದೆ. ನಾಗರ ಪಂಚಮಿ ಕಳೆದು ನಾಲ್ಕಾರು ದಿನಕ್ಕೆ ಅದೂ ನೀರಿನೊಳಗೆ ಹೋಗುತ್ತದೆ. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಲೇಬೇಕಲ್ಲ, ಕಾಕು ಪ್ರತಿ ವರ್ಷ ಮೀನುಗಾರರ ದೋಣಿಯಲ್ಲಿ ಹೋಗಿ ಆ ಕಲ್ಲಿನ ಮೇಲೆ ಒಂದು ಶೇಂಗಾ ಉಂಡಿ ಇಟ್ಟು, ಉಳಿದದ್ದನ್ನು ತಂದು ಓಣಿಯಲ್ಲಿ ಹಂಚುತ್ತಿದ್ದರು. ಕೊಡುವಾಗ, “ತವರಮನಿದು” ಎನ್ನುತ್ತಿದ್ದರು.

ಹೋದ ವರ್ಷ ಕಾಕಾ ಒಬ್ಬರೇ ಹೋದರು. ದೋಣಿಯವನು ದಿಬ್ಬ ಮುಟ್ಟುವ ಮೊದಲೇ, “ಯಜಮಾನ್ರ, ಲಗೂನ ಇಟ್ಟು ಬರ್ರಿ, ಗಾಳಿ ಎದ್ದೈತಿ” ಎಂದು ಅವಸರ ಮಾಡಿದನಂತೆ. ಕಾಕಾ ಕೂಡಲೂ ಇಲ್ಲ. ಈ ವರ್ಷ ತಾವೇ ನಾವೆ ನಡೆಸಿಕೊಂಡು ಹೋಗಿ, ಬೇಕಾದಷ್ಟು ಹೊತ್ತು ಕೂತು ಬರಬೇಕೆಂದು ಅವರು ನಿಶ್ಚಯಿಸಿದ್ದು ಆ ದಿನ.

ತೇರದಾಳದ ಮಹಾವೀರ ಎಂಬವರು ಹತ್ತು ವರ್ಷ ಕರಾವಳಿಯಲ್ಲಿದ್ದು ಬಂದು, ರವಿವಾರಗಳಂದು ಆ ಹಿನ್ನೀರಿನ ದಂಡೆಯಲ್ಲಿ ನಾವೆ ನಡೆಸುವುದನ್ನು ಕಲಿಸುತ್ತಾರೆ. ಅವರ ಬಳಿ ಎರಡು ನಾವೆಗಳಿವೆ. ಒಂದಕ್ಕೆ ಇಬ್ಬರು ಕೂಡುವ ಜಾಗ. ಅದರ ಎಡಕ್ಕೆ ಎರಡು ತೋಳು ಚಾಚಿಕೊಂಡು, ತುದಿಯಲ್ಲಿ ಒಂದು ತೇಲುದಿಮ್ಮಿ ಇದೆ. ಆ ದಿಮ್ಮಿ ನೀರಿನ ಮೇಲೆ ಕೈಯೂರಿದಂತೆ ನಾವೆಯನ್ನು ಹಿಡಿದಿರುತ್ತದೆ. ಇನ್ನೊಂದು ಒಬ್ಬರದೇ. ಉದ್ದ, ಬಲು ಸಪೂರ, ಮೇಲೆಯೇ ಕೂಡಬೇಕು. ಅದರಲ್ಲಿ ಪಾದದ ಹತ್ತಿರ ಎರಡು ಹಲಗೆಗಳಿವೆ. ಯಾವುದನ್ನು ಒತ್ತಿದರೆ ಆ ಕಡೆಗೆ ಹಿಂದಿನ ಚುಕ್ಕಾಣಿ ತಿರುಗುತ್ತದೆ.

ಜಮಖಂಡಿಯಲ್ಲಿ ಬಸ್ ಬದಲಿಸಿ ಅಲ್ಲಿಗೆ ಹೋದ ಕಾಕಾ ಮೊದಲ ದಿನವೇ ಸಪೂರದ ನಾವೆಯ ಮುಂದೆ ನಿಂತರು.

“ಇದು ನಮ್ಮ ಮಗ್ಗದ ಲಾಳಿ ಇದ್ದಂಗ ಐತಿ. ಕಾಲಾಗ ಹಲಗಿನೂ ಅದಾವು. ಇದ ನನಗಿರಲಿ.”

“ಹೊಸಬರಿಗೆ ತೋಳಿನ ನಾವಿನ ಛಲೋ ರೀ ಕಾಕಾ. ಮುಂದ ನಾ ಕುಂದರ್ತೀನಿ.”

“ಬ್ಯಾಡೋ ತಮ್ಮಾ. ಒಬ್ಬವನ ಹೋಗಾಂವ ನಾ.”

ಕಾಕಾ ಮೂರು ಸಲ ಬಿದ್ದೆ ಎನ್ನುತ್ತಾರೆ. ಮಹಾವೀರ ಅವರ ಲೆಕ್ಕದಲ್ಲಿ ಹನ್ನೊಂದು. ಕಾರಣದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು. ಕೈ ಹುಟ್ಟು ಹಾಕಿದ ಕೂಡಲೇ ಕಾಲು ತಾನಾಗಿ ತುಳಿಯುತ್ತಿತ್ತು, ಎಡ, ಬಲ, ಎಡ, ಬಲ. ನಾವೆ ಹಾವಿನಂತೆ ಹೊರಳಿ ಮಗುಚುತ್ತಿತ್ತು.

“ಕಾಕಾ, ಕಾಲ ಸುಮ್ನ ಇಡ್ರಿ!”

“ಕಾಲ ಸುಮ್ನ ಇಟ್ರ ಮಗ್ಗ ನಿಂದರ್ತೈತಲ್ಲೋ!”

“ಇದು ಮಗ್ಗ ಅಲ್ರೀ!”

ಓಣಿಗೆ ಸುದ್ದಿ ಮುಟ್ಟಿತು. ಚಹಾದಂಗಡಿಯಲ್ಲಿ ಕಾಮಣ್ಣ, “ಏನಲೇ ಈಶ್ವರ, ಕೃಷ್ಣಾ ಹೊಳಿಗೆ ಸೀರಿ ನೇಯಾಕ ಹೊಂಟೀಯಂತ? ಸೆರಗು ಎಲ್ಲಿಗೆ ಬಂತು?” ಎಂದ. ಎಲ್ಲರೂ ನಕ್ಕರು. ಕಾಕಾನೂ ನಕ್ಕು, ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದರು. ಆ ವಾರವೆಲ್ಲ ಅವರು ಕೆಲಸ ಮುಗಿದ ಮೇಲೆ ಕುಣಿಯಲ್ಲಿ ಕೂತು, ಬರಿಗೈ ಆಡಿಸುತ್ತ, ಕಾಲನ್ನು ಸುಮ್ಮನಿಡಲು ಕಲಿಯುತ್ತಿದ್ದರು. ಕಾಲು ಕೇಳಲಿಲ್ಲ.

ಪಂಚಮಿ ಬಂತು. ಕಾಕಾ ಹಿಂದಿನ ದಿನ ತಾವೇ ಶೇಂಗಾ ಹುರಿದು, ಬೆಲ್ಲ ಕುಟ್ಟಿ ಉಂಡಿ ಕಟ್ಟಿದ್ದರು. ಒಂದೂ ಗುಂಡಗಿರಲಿಲ್ಲ. ದಂಡೆಯಲ್ಲಿ ಅವರು ಲಾಳಿಯಂಥ ಸಪೂರ ನಾವೆಯ ಹತ್ತಿರ ಸ್ವಲ್ಪ ಹೊತ್ತು ನಿಂತು, ಕೈಯಲ್ಲಿದ್ದ ಡಬ್ಬಿ ನೋಡಿದರು. ಬಿದ್ದರೆ ಉಂಡಿ ನೀರು ಪಾಲು.

“ತೋಳಿನ ನಾವಿ ಕೊಡು,” ಎಂದರು. “ಆದ್ರ ನೀ ಕುಂದರಬ್ಯಾಡ.”

ಹಿಂದೆ ಒಬ್ಬರೇ ಕೂತರೆ ಆ ನಾವೆಯ ಮೂತಿ ಮೇಲೇಳುತ್ತದೆ. ಮಹಾವೀರ ಒಂದು ಚೀಲ ತಂದು, “ಮುಂದ ಉಸುಕು ಇಡೂಣು. ಎಷ್ಟು ತುಂಬ್ಲಿ?” ಎಂದು ಕೇಳಿದರು. ಕಾಕಾ ಯೋಚಿಸಿ, “ನಲವತ್ತೆರಡು ಕೇಜಿ,” ಎಂದರು. ಅದು ಕಾಕು ಅವರ ತೂಕವೆಂದು ಮಹಾವೀರ ಅವರಿಗೆ ಗೊತ್ತಿರಲಿಲ್ಲ. ಅಂದಾಜಿನಿಂದ ತುಂಬಿ, ಮುಂದಿನ ಜಾಗದಲ್ಲಿಟ್ಟು ಕಟ್ಟಿದರು. ಕಾಕಾಗೆ ತೇಲುವ ಅಂಗಿ ತೊಡಿಸಿ, “ಬಲಕ್ಕ ವಾಲಬ್ಯಾಡ್ರಿ, ವಾಲಿದ್ರ ದಿಮ್ಮಿ ಕಡೆಗೇ ವಾಲ್ರಿ,” ಎಂದು ನಾವೆ ನೂಕಿದರು.

ಆ ನಾವೆಯಲ್ಲಿ ಕಾಲಿಗೆ ಹಲಗೆಗಳಿಲ್ಲ. ಕಾಕಾ ಅವರ ಪಾದಗಳು ಎಂದಿನಂತೆ ಎಡ ಬಲ ತುಳಿಯುತ್ತಲೇ ಇದ್ದವು, ಬರಿ ತಳವನ್ನು. ಅದರಿಂದ ಏನೂ ಕೆಡಲಿಲ್ಲ. ನಾವೆ ನಿಧಾನವಾಗಿ, ಬಹಳ ನಿಧಾನವಾಗಿ ದಿಬ್ಬ ಮುಟ್ಟಿತು.

ಬಾಗಿಲ ಕಲ್ಲು ನೀರಿನಿಂದ ಒಂದು ಗೇಣು ಮೇಲಿತ್ತು. ಕಾಕಾ ಉಂಡಿ ಇಟ್ಟು ಅದರ ಪಕ್ಕ ಕೂತರು. ಲಗೂನ ಬಾ ಎನ್ನುವವರು ಯಾರೂ ಇರಲಿಲ್ಲ. ಸಂಜೆಯವರೆಗೆ ಕೂಡಬಹುದಿತ್ತು. ಆದರೆ ಕಾಲು ತಾಸಿಗೇ ಎದ್ದರಂತೆ.

“ಯಾಕ ಕಾಕಾ?” ಎಂದು ನಾನು ಆಮೇಲೆ ಕೇಳಿದೆ.

“ಮಾತಾಡಾಕ ಯಾರಿದ್ರು?” ಎಂದರು.

ಕೇಳಬಾರದಿತ್ತು ಅನ್ನಿಸಿತು.

ಪಂಚಮಿಯ ಆ ಸಂಜೆ ಅವರು ಓಣಿಯ ಮನೆಮನೆಗೆ ಡಬ್ಬಿ ಹಿಡಿದು ಬಂದಿದ್ದರು. ಕಾಮಣ್ಣನ ಮನೆಗೂ ಹೋದರು. ಅವನು ಈ ಸಲ ಎರಡೂ ಕೈ ಚಾಚಿ ತೆಗೆದುಕೊಂಡ. ನಮ್ಮ ಬಾಗಿಲಲ್ಲಿ ಕಾಕಾ ಒಂದು ಒಡಕು ಉಂಡಿ ನನ್ನ ಕೈಗಿಟ್ಟು, ಎತ್ತಲೋ ನೋಡುತ್ತ, “ತವರಮನಿದು” ಎಂದರು.