ನಮ್ಮ ಹಾಲ್‌ನಲ್ಲಿ ನಡೆದ ಪಂಚಾತಿಕೆ

ಎದುರು ಫ್ಲ್ಯಾಟಿಗೆ ಈಗ ಬೇರೆಯವರು ಬಂದಿದ್ದಾರೆ. ಆದರೂ ಆ ಬಾಗಿಲು ತೆರೆದಾಗಲೆಲ್ಲ ನನ್ನ ಕಣ್ಣು ಮೊದಲು ಅವಳನ್ನೇ ಹುಡುಕುತ್ತದೆ.

ದುಬೈಗೆ ಬಂದರೂ ನಮ್ಮ ಕರಾವಳಿಯವರಲ್ಲಿ ಗಂಡ ಹೆಂಡಿರ ಜಗಳ ಯಾರದಾದರೂ ಹಾಲ್‌ನಲ್ಲಿ ಪಂಚಾತಿಕೆಯಾಗಿಯೇ ಮುಗಿಯುತ್ತದೆ. ಆ ಶನಿವಾರ ಅದು ಸತ್ವಾ ಬಡಾವಣೆಯ ನಮ್ಮ ಮನೆಗೆ ಬಂತು. ಎದುರು ಮನೆಯ ಹುಡುಗಿ ಹೋಟೆಲೊಂದರ ರಿಸೆಪ್ಷನ್‌ನಲ್ಲಿದ್ದಳು. ಕೆಲಸ ಬಿಟ್ಟು ಊರಿಗೆ ಹೋಗಿ ಅತ್ತೆಯ ಜೊತೆಗಿರಲಿ ಎಂಬುದು ಗಂಡನ ಹಟ. ಅವಳಿಗೆ ಇಲ್ಲೇ ಇದ್ದು ದುಡಿಯುವ ಆಸೆ. ಅವಳ ವೀಸಾ ಮಾತ್ರ ಗಂಡನ ಕೈಯಲ್ಲಿತ್ತು; ಅವನು ರದ್ದು ಮಾಡಿಸಿದರೆ ಇಲ್ಲಿರುವಂತಿರಲಿಲ್ಲ.

ಅವಳ ಗಂಡ, ನನ್ನ ಗಂಡ, ಊರ ಕಡೆಯ ಹಿರಿಯರು, ಹೀಗೆ ಗಂಡಸರೆಲ್ಲ ಸೋಫಾದಲ್ಲಿ ಕೂತರು. ಅವಳು ರೂಢಿಯಂತೆ ನನ್ನೊಂದಿಗೆ ಅಡುಗೆಮನೆಯಲ್ಲಿ ನಿಂತು ಚಹಾಕ್ಕೆ ಶುಂಠಿ ಜಜ್ಜುತ್ತಿದ್ದಳು. ಅವಳದೇ ಬದುಕಿನ ಮಾತು ಗೋಡೆಯಾಚೆಯಿಂದ ತುಂಡು ತುಂಡಾಗಿ ಕೇಳಿಸುತ್ತಿತ್ತು. ಶುಂಠಿ ನುಣ್ಣಗಾಗಿ ಹೋಗಿದ್ದರೂ ಅವಳ ಕೈ ನಿಲ್ಲಲಿಲ್ಲ.

ಒಳಕೋಣೆಯಲ್ಲಿ ಮಗಳು ಶಾಲೆಯ ಭಾಷಣ ಉರುಹೊಡೆಯುತ್ತಿದ್ದಳು. ಯುರೋಪಿನ ಜ್ಞಾನೋದಯ ಯುಗದ ಚಿಂತಕರ ವಿಷಯ: ಮನುಷ್ಯನಿಗೆ ವಿವೇಕವಿದೆ, ಅವನ ಮಾತು ಕೇಳದೆ ತೀರ್ಪು ಕೊಡಬಾರದು. ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೂ ಅಷ್ಟನ್ನು ಕಲಿಸಿದ್ದರು. ನೀರು ಕುಡಿಯಲು ಬಂದ ಮಗಳು ಅದರಾಚೆಯದನ್ನೂ ಹೇಳಿದಳು.

“ಯು ನೋ ಅಮ್ಮಾ, ಅವರಲ್ಲಿ ತುಂಬ ಜನ ಲೇಡೀಸನ್ನು ಕೌಂಟೇ ಮಾಡಿರ್ಲಿಲ್ಲ. ಆಮೇಲೆ ಲೇಡೀಸೇ ಬರೆದು ಕೇಳಿದ್ರು, ನಮಗೆ ರೀಸನ್ ಇಲ್ವಾ ಅಂತ.”

ಶುಂಠಿಯ ಸದ್ದು ನಿಂತಿತು.

“ಅಕ್ಕ, ನಾನೂ ಹೋಗಿ ಹೇಳ್ಲಾ?”

“ಬಾ,” ಎಂದೆ. ಊಟದ ಮೇಜಿನ ಕುರ್ಚಿಯೊಂದನ್ನು ಹಾಲ್‌ಗೆ ಎಳೆದು ತಂದೆ. “ಇವಳ ಮಾತೂ ಸ್ವಲ್ಪ ಕೇಳಿ.”

“ಎಂತ ಮಾರಾಯ್ತಿ, ಚಾ ಬರ್ತದೆ ಅಂತ ಕೂತ್ರೆ ಕುರ್ಚಿ ಬಂತಲ್ಲ!” ನನ್ನ ಗಂಡ ನಕ್ಕರು.

ಅವಳು ಕೂತು ಎಲ್ಲವನ್ನೂ ಹೇಳಿದಳು. ಅಳಲಿಲ್ಲ, ಸ್ವರ ಏರಿಸಲಿಲ್ಲ. ಯಾರೂ ಅಡ್ಡ ಬಾಯಿ ಹಾಕಲಿಲ್ಲ. ಎಲ್ಲರಿಗಿಂತ ಹಿರಿಯರಾದವರು ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದರು. ನನ್ನ ಎದೆ ಹಗುರಾಯಿತು.

“ಲಾಯ್ಕ ಹೇಳಿದೆ ಮಗಾ,” ಎಂದರು ಅವರು. ಆಮೇಲೆ ಅವಳ ಗಂಡನತ್ತ ತಿರುಗಿ, “ಟಿಕೆಟ್ ಶುಕ್ರವಾರದ್ದಲ್ವಾ? ಅದೇ ಇರ್ಲಿ. ಖಲಾಸ್.”

ಟಿಕೆಟ್ ಮೊದಲೇ ಆಗಿತ್ತು.

ಶುಕ್ರವಾರ ಲಿಫ್ಟಿನಲ್ಲಿ, ಸೂಟ್‌ಕೇಸಿಗೆ ಒತ್ತಿಕೊಂಡು ನಿಂತವಳು ಮೆಲ್ಲಗೆ ಕೇಳಿದಳು, “ಅಕ್ಕ, ನಾನು ಹೇಳಿದ್ದು ಅವರಿಗೆ ಸರಿ ಅರ್ಥ ಆಗ್ಲಿಲ್ವಾ?”

ಅರ್ಥವಾಗಿತ್ತು, ಆಗಿಯೂ ಕಳಿಸಿದರು ಎಂದು ಹೇಗೆ ಹೇಳಲಿ? ಈಗಲೂ ಒಬ್ಬಳೇ ಇಳಿಯುವಾಗ, ಲಿಫ್ಟಿನ ಬಾಗಿಲು ಮುಚ್ಚಿದೊಡನೆ, ಪಕ್ಕದಲ್ಲಿ ಯಾರೋ ಉತ್ತರಕ್ಕೆ ಕಾಯುತ್ತಿರುವಂತೆ ಅನಿಸುತ್ತದೆ. ನಾನು ಗೋಡೆಗೆ ಸರಿದು ಜಾಗ ಬಿಡುತ್ತೇನೆ.