ನಮ್ಮ ಅಧ್ಯಕ್ಷರಿಗೆ ಶಿಕ್ಷೆಯಾದ ಮೇಲೆ

ಯಾದವಗಿರಿಯ ನಮ್ಮ ಬೀದಿಯ ನಿವಾಸಿಗಳ ಸಂಘಕ್ಕೆ ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬರು ಅಧ್ಯಕ್ಷರಾಗಿದ್ದರು. ಬೀದಿದೀಪ ಕೆಟ್ಟರೆ ಒಂದೇ ಫೋನಿಗೆ ಸರಿಮಾಡಿಸುವಷ್ಟು ಪ್ರಭಾವಿಗಳು. ಅವರು ಸೇವೆಯಲ್ಲಿದ್ದಾಗ ಕಳ್ಳತನದ ಅನುಮಾನದ ಮೇಲೆ ಹಿಡಿದು ತಂದ ಯುವಕನೊಬ್ಬ ಲಾಕಪ್ಪಿನಲ್ಲಿ ಸತ್ತಿದ್ದನೆಂಬುದು ನಮಗೆಲ್ಲ ಗೊತ್ತಿತ್ತು. ದೀಪಗಳು ಚೆನ್ನಾಗಿ ಉರಿಯುತ್ತಿದ್ದುದರಿಂದ ಆ ವಿಷಯ ಯಾರೂ ಎತ್ತುತ್ತಿರಲಿಲ್ಲ.

ಕೊನೆಗೂ ವಿಚಾರಣೆ ಶುರುವಾಯಿತು. ಈ ವಯಸ್ಸಿನಲ್ಲಿ ಪಾಪ ಕಟಕಟೆಯಲ್ಲಿ ನಿಲ್ಲಬೇಕಲ್ಲ ಎಂದು ಬೀದಿಯೇ ಮರುಗಿತು. ಧೈರ್ಯ ತುಂಬಲೆಂದು ನನ್ನ ಯಜಮಾನರೂ ಅವರ ವಾಕಿಂಗ್ ಗೆಳೆಯರೂ ಕಾರಿನಲ್ಲಿ ಕೋರ್ಟಿಗೆ ಹೊರಟರು. ನ್ಯಾಯ ನಡೆಯುವುದನ್ನು ನೋಡುವ ಆಸೆಗೆ ನಾನೂ ಹೋದೆ. ಇಡ್ಲಿ ಕಟ್ಟಿಕೊಂಡಿದ್ದೆವು.

ಅಂದು ಸಾಕ್ಷಿ ಹೇಳಿದ್ದು ಸತ್ತವನ ಹೆಂಡತಿ. ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಪಾಳಿ ಮುಗಿಸಿ ನೇರವಾಗಿ ಬಂದಿದ್ದಳು. ಗಂಡನನ್ನು ಎಳೆದೊಯ್ದದ್ದು, ಹೆಣ ಕೊಟ್ಟದ್ದು, ಎಲ್ಲವನ್ನೂ ದನಿ ಏರಿಸದೆ ಹೇಳಿದಳು. ಅವನು ತಪ್ಪಿಸಿಕೊಳ್ಳಲು ಹೋಗಿ ಮೆಟ್ಟಿಲಿಂದ ಬಿದ್ದನಷ್ಟೆ ಎಂದರು ಅಧ್ಯಕ್ಷರ ವಕೀಲರು. ಆಕೆ ವಕೀಲರ ಕಡೆಗೇ ತಿರುಗಿದಳು.

“ಬಿದ್ದೋರ್ಗೆ ಅಂಗಾಲಲ್ಲಿ ಬಾಸುಂಡೆ ಬರ್ತದಾ ಸ್ವಾಮಿ?”

ಹಿಂತಿರುಗುವಾಗ ಯಾರೂ ಇಡ್ಲಿ ಬಿಚ್ಚಲಿಲ್ಲ. ಗೆಳೆಯರೊಬ್ಬರು, ಹೆಂಗಸಿಗೆ ಯಾರೋ ಚೆನ್ನಾಗಿ ಹೇಳಿಕೊಟ್ಟಿದ್ದಾರೆ ಎಂದು ಸಮಾಧಾನಪಟ್ಟುಕೊಂಡರು.

ತೀರ್ಪು ಬಂತು: ಜೈಲು. ಸಂಜೆಯೊಳಗೆ ಬೀದಿಯವರಿಗೆಲ್ಲ ದಿವ್ಯದೃಷ್ಟಿ ಬಂದುಬಿಟ್ಟಿತು. ಆತನ ಕಣ್ಣಲ್ಲೇ ಕ್ರೌರ್ಯವಿತ್ತು ಎಂದರು ಒಬ್ಬರು. ನಗು ಮೊದಲಿಂದಲೂ ಸರಿಯಿರಲಿಲ್ಲ ಎಂದರು ಇನ್ನೊಬ್ಬರು. ನಾಲ್ಕು ಬಿಟ್ಟರೇ ಕಳ್ಳರು ಬಾಯಿಬಿಡುವುದು ಎಂಬ ಮಾತಿಗೆ ಅಧ್ಯಕ್ಷರ ಜಗಲಿಯಲ್ಲೇ ಕಾಫಿ ಕುಡಿಯುತ್ತ ತಲೆದೂಗಿದ್ದ ನಾವೆಲ್ಲ, ಆ ಒಬ್ಬರನ್ನು ರಾಕ್ಷಸನ ಪಟ್ಟಕ್ಕೇರಿಸಿ ಮಡಿಯಾದೆವು. ಅದು ಒಬ್ಬನ ತಪ್ಪಷ್ಟೇ ಎಂದು ಪೊಲೀಸ್ ಇಲಾಖೆಯೂ ನಮ್ಮ ಜೊತೆಗೇ ಮಡಿಯಾಯಿತು.

ಮಡಿ ಹೆಚ್ಚು ದಿನ ಬಾಳಲಿಲ್ಲ. ಅವರು ಹೈಕೋರ್ಟಿಗೆ ಅಪೀಲು ಹೋಗಿ ಜಾಮೀನಿನ ಮೇಲೆ ಮನೆಗೆ ಬಂದರು. ಗಣೇಶನ ಹಬ್ಬದ ಸಭೆಯಲ್ಲಿ, ಕೆಳಗಿನ ಕೋರ್ಟಿನ ತೀರ್ಪೇನು ಮಹಾ ಎಂದು ಬೀದಿಯವರು ಮಂಗಳಾರತಿಗೆ ಅವರ ಹೆಸರನ್ನೇ ಸೂಚಿಸಿದರು.

ನಾನು ಎದ್ದು ನಿಂತೆ. “ಅವ್ರು ಆರತಿ ಎತ್ತೋದಾದ್ರೆ ನಾನು ಬರಲ್ಲ ಕಣ್ರೀ. ಆ ಹೆಂಗಸು ಕೇಳಿದ್ದಕ್ಕೆ ಯಾರೂ ಇನ್ನೂ ಉತ್ತರ ಕೊಟ್ಟಿಲ್ಲ.”

ಸಭೆ ನನ್ನ ಯಜಮಾನರ ಕಡೆ ತಿರುಗಿತು.

“ಇವಳಿಗೆ ಬಿಪಿ ಜಾಸ್ತಿ ಆಗ್ಬುಟ್ಟಿದೆ,” ಎಂದರು ಅವರು.

ಹಬ್ಬಕ್ಕೆ ಯಜಮಾನರು ಹೋದರು, ನಾನು ಹೋಗಲಿಲ್ಲ. ಅಪೀಲು ಇನ್ನೂ ಇತ್ಯರ್ಥವಾಗಿಲ್ಲ. ಬೀದಿಯಲ್ಲಿ ಸಿಕ್ಕವರೆಲ್ಲ ನನ್ನ ಆರೋಗ್ಯವನ್ನು ಬಹಳ ಕಾಳಜಿಯಿಂದ ವಿಚಾರಿಸುತ್ತಾರೆ.