ಹವಳಕ್ಕೆ ಹುಯ್ದ ನೀರು

ಮಧುಗಿರಿಯ ನಮ್ಮ ನಡುಮನೆಯಲ್ಲಿ ಸಮುದ್ರ ಇತ್ತು ಎಂದರೆ ನೋಡದವರು ನಂಬುವುದಿಲ್ಲ. ಕುಡಿಯುವ ನೀರನ್ನೇ ಕ್ಯಾನಿನಲ್ಲಿ ಹೊತ್ತು ತರುವ ಊರು. ಅದೇ ನೀರಿಗೆ ಸಮುದ್ರದ ಉಪ್ಪು ಬೆರೆಸಿ, ಗಾಜಿನ ತೊಟ್ಟಿ ತುಂಬಿಸಿ, ಒಂದೆರಡು ಮೀನಿನ ಜೊತೆ ಜೀವಂತ ಹವಳ ಸಾಕಿದ್ದೆ. ಸರಕ್ಕೆ ಪೋಣಿಸುವ ಹವಳವಲ್ಲ; ಕಲ್ಲಿಗೆ ಅಂಟಿ ಕೂತು ಸಣ್ಣ ಬೆರಳುಗಳನ್ನು ಆಡಿಸುವ ಪ್ರಾಣಿ.

ನನಗೆ ಮಾತು ಕಲಿಸಿದ ದೊಡ್ಡಮ್ಮ ತೆಲುಗು ಬೆರೆತ ನಾಗಲಮಡಿಕೆ ಕಡೆಯವಳು, ಈಗ ನಮ್ಮ ಜೊತೆಗಿದ್ದಾಳೆ. ಟಿವಿ ಅವಳಿಗೆ ಬೇಡ. ಮಧ್ಯಾಹ್ನವೆಲ್ಲ ತೊಟ್ಟಿಯ ಮುಂದೆ ಕೂತು ಹವಳದ ಜೊತೆ ಮಾತಾಡುತ್ತಿದ್ದಳು.

ಹೋದ ಬೇಸಿಗೆಯಲ್ಲಿ ಒಂದು ದಿನ ಕರೆಂಟು ಬೆಳಗಿನಿಂದಲೇ ಇರಲಿಲ್ಲ. ಕೊರಟಗೆರೆಯ ಸ್ಕೂಲಿನಲ್ಲಿ ಪಾಠ ಮುಗಿಸಿ ನಾನು ಬರುವಷ್ಟರಲ್ಲಿ, ತಂಪು ಮಾಡುವ ಫ್ಯಾನು ನಿಂತು ತೊಟ್ಟಿಯ ನೀರು ಕಾದಿತ್ತು. ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಬಣ್ಣವೂ ಅದರಿಂದ, ಊಟವೂ ಅದರಿಂದ. ಬಿಸಿ ತಾಳದೆ ಹವಳ ಅದನ್ನು ಹೊರಹಾಕುತ್ತದೆ. ಕೆಲವೇ ದಿನಗಳಲ್ಲಿ ನಮ್ಮದು ಸುಣ್ಣದ ಹಾಗೆ ಬೆಳ್ಳಗಾಯಿತು.

"ಸತ್ತೋಯ್ತೇನ್ಲಾ?"

"ಇಲ್ಲ ದೊಡ್ಡಮ್ಮ. ಜೀವ ಐತೆ. ನೋಡ್ಕೊಂಡ್ರೆ ಉಳೀತದೆ."

"ಅಂಗಾದ್ರೆ ಅಮ್ಮ ಬಂದೈತೆ ಕಣ್ಲಾ ಇದಕ್ಕೆ."

ಸಿಡುಬು, ಸೀತಾಳೆಗೆ ನಮ್ಮಲ್ಲಿ ಅಮ್ಮ ಎನ್ನುತ್ತಾರೆ. ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕಬಾರದು, ಗದ್ದಲ ಮಾಡಬಾರದು. ದೊಡ್ಡಮ್ಮ ಎರಡನ್ನೂ ಜಾರಿಗೆ ತಂದಳು. ನನ್ನ ಹೆಂಡತಿ ನಗುತ್ತಲೇ ಸಪ್ಪೆ ಸಾರು ಮಾಡಿದಳು. ತೊಟ್ಟಿಯ ಮೂಲೆಗೆ ದೊಡ್ಡಮ್ಮ ಬೇವಿನ ಸೊಪ್ಪು ಸಿಕ್ಕಿಸಿದ್ದನ್ನು ಪಕ್ಕದ ಮನೆಯಾಕೆ ನೋಡಿದರು.

"ಏನ್ ದೊಡ್ಡಮ್ಮಾರೇ, ಮೀನಿನ ಡಬ್ಬಕ್ಕೂ ಬೇವಿನಸೊಪ್ಪಾ? ನಾಳೆ ಫ್ರಿಜ್ಜಿಗೂ ಕಟ್ತೀರಾ?"

"ಮೊದ್ಲು ನಿನ್ ಬಾಯಿಗೆ ಕಟ್ತೀನಿ, ಬಾರೇ ಇಲ್ಲಿ."

ನಾನು ಲೈಟಿಗೆ ಕಾಗದ ಅಂಟಿಸಿ ಬೆಳಕು ತಗ್ಗಿಸಿದೆ. ಅಮ್ಮ ಬಂದವರಿಗೂ ಮಬ್ಬು ಕೋಣೆಯೇ ಸರಿ ಎಂದು ದೊಡ್ಡಮ್ಮ ತಲೆಯಾಡಿಸಿದಳು. ಐಸು ತುಂಬಿದ ಬಾಟಲಿ ತೇಲಿಬಿಡುವುದು, ಡ್ರಾಪರಿನಲ್ಲಿ ಹನಿ ಹನಿಯಾಗಿ ಆಹಾರ ಕೊಡುವುದು ಅವಳ ಕೆಲಸವಾಯಿತು. "ತಿನ್ನು ನಾಯ್ನಾ, ಇನ್ನೊಂದ್ ತುತ್ತು" ಎನ್ನುತ್ತಾ ಕೊಡುತ್ತಿದ್ದಳು. ಹಾಗೆ ಕೊಡುವ ತಾಳ್ಮೆ ನನಗಿರಲಿಲ್ಲ.

ಮಳೆ ಶುರುವಾಗುವ ಹೊತ್ತಿಗೆ ಹವಳದ ಬುಡದಲ್ಲಿ ಡಿಕಾಕ್ಷನ್ನಿನಂಥ ಕಂದು ಬಣ್ಣ ಕಂಡಿತು. ಆಮೇಲೆ ಮೇಲಕ್ಕೂ ಹತ್ತಿತು.

"ಅಮ್ಮ ಇಳೀತೇನ್ಲಾ?"

"ಇಳೀತು ದೊಡ್ಡಮ್ಮ" ಎಂದು ಹೇಳಿ, ಹೆಂಡತಿಯ ಜೊತೆ ಶಿರಾದ ಒಂದು ಮದುವೆಗೆ ಹೋದೆ.

ಅಮ್ಮ ಇಳಿದ ಮೇಲೆ ಬೇವು, ಅರಿಶಿನ ಹಾಕಿ ಬಿಸಿಲಿಗಿಟ್ಟ ನೀರನ್ನು ತಲೆಯ ಮೇಲೆ ಹುಯ್ಯಬೇಕು. ಅಲ್ಲಿಯವರೆಗೆ ಕಾಯಿಲೆ ಮುಗಿದ ಲೆಕ್ಕವಲ್ಲ. ಚಿಕ್ಕಂದಿನಲ್ಲಿ ನನಗೆ ಹುಯ್ದವಳೂ ದೊಡ್ಡಮ್ಮನೇ, ನಮ್ಮ ಬೀದಿಯ ಮಕ್ಕಳಿಗೆಲ್ಲ ಹುಯ್ಯುವವಳೂ ಅವಳೇ. ನಾವು ವಾಪಸು ಬಂದಾಗ ತೊಟ್ಟಿ ಹಳದಿಯಾಗಿತ್ತು. ಹವಳದ ಮೈಯಿಂದ ಲೋಳೆ ಎಳೆ ಎಳೆಯಾಗಿ ಬಿಡುತ್ತಿತ್ತು. ದೊಡ್ಡಮ್ಮ ಹೊಸ ಸೀರೆ ಉಟ್ಟು ಕೂತಿದ್ದಳು.

ಬಕೆಟ್ಟಿಗೆ ಹೊಸ ಉಪ್ಪುನೀರು ಬೆರೆಸಿ ಎಲ್ಲವನ್ನೂ ಅದಕ್ಕೆ ಸಾಗಿಸಿದೆ. ಮೀನು ಉಳಿದವು. ಹವಳ ಕರಗಿ, ಬರೀ ಕಲ್ಲು ಉಳಿಯಿತು.

"ನಾನ್ ಹುಯ್ದ ನೀರಿಂದ್ಲೇ ಏನ್ಲಾ?"

ಅವಳಿಗೆ ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. "ಹೂಂ ದೊಡ್ಡಮ್ಮ" ಎಂದೆ. ಬೇರೇನೋ ಸೇರಿಸಿ ಹೇಳಬೇಕಿತ್ತು, ಏನೆಂದು ಇವತ್ತಿಗೂ ಹೊಳೆದಿಲ್ಲ.

ಮೊನ್ನೆ ಪಕ್ಕದ ಮನೆಯಾಕೆಯ ಮೊಮ್ಮಗಳಿಗೆ ಅಮ್ಮ ಇಳಿಯಿತು. ನೀರು ಹಾಕಿಕೊಡಿ ಎಂದು ಕರೆಯಲು ಬಂದರು.

"ಬ್ಯಾರೆ ಯಾರ ಕೈಲಾದ್ರೂ ಹಾಕ್ಸಮ್ಮ."

"ಆ ಹವಳಕ್ಕೂ ಮಗೂಗೂ ಏನ್ ಸಂಬಂಧ ದೊಡ್ಡಮ್ಮ?" ಎಂದೆ ನಾನು.

"ಗೊತ್ತು ಕಣ್ಲಾ. ಕೈ ಏಳಲ್ಲ."

ಕೊನೆಗೆ ಪಕ್ಕದ ಮನೆಯಾಕೆಯೇ ತಮ್ಮ ಹಿತ್ತಲಲ್ಲಿ ಮಗುವನ್ನು ಕೂರಿಸಿ ನೀರು ಹುಯ್ದರು. ಮಗು ಅಳುತ್ತಿತ್ತು. ದೊಡ್ಡಮ್ಮ ಈಚೆ ಗೋಡೆಗೆ ಒರಗಿ ನಿಂತು, ಆಚೆಯವರಿಗೆ ಕೇಳಿಸದ ಹಾಗೆ ಹೇಳುತ್ತಿದ್ದಳು: "ನಿಧಾನ ಕಣಮ್ಮ, ನಿಧಾನ. ಕಣ್ಣಿಗೆ ಕೈ ಅಡ್ಡ ಇಡು."